ವಾಚಿನಲ್ಲಿ ಎಚ್‌ಆರ್‌ವಿ ನೋಡ್ತೀರಾ? ಹಾಗಾದ್ರೆ ಇದನ್ನೂ ಓದಿ

ಬೆಳಗ್ಗೆ ಎದ್ದ ಕೂಡಲೇ ವಾಟ್ಸ್‌ಆ್ಯಪ್‌ಗಿಂತ ಮೊದಲು ವಾಚಿನಲ್ಲಿ ಎಚ್‌ಆರ್‌ವಿ ನೋಡುವವರು ನಮ್ಮ ಐಟಿ ಮಂದಿಯಲ್ಲಿ ಜಾಸ್ತಿಯಾಗ್ತಿದ್ದಾರೆ. ನಾನೂ ಅವರಲ್ಲೊಬ್ಬ. ವಾರಕ್ಕೆ ಮೂರು ದಿನ ಕೊಳ್ಳೇಗಾಲದ ಮನೆಯಿಂದ ಕೆಲಸ, ಉಳಿದ ದಿನ ಬೆಂಗಳೂರು. ರಾತ್ರಿ ರಿಲೀಸ್ ಇದ್ದರೆ 44 ಇದ್ದದ್ದು ಮರುದಿನ 27ಕ್ಕೆ ಇಳಿದಿರುತ್ತೆ. ಏನಿದು 27?

ಎದೆಬಡಿತ ನಿಮಿಷಕ್ಕೆ 60 ಅಂದರೆ ಸರಿಯಾಗಿ ಸೆಕೆಂಡಿಗೊಂದು ಬಡಿತ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಎರಡು ಬಡಿತಗಳ ನಡುವೆ ಒಮ್ಮೆ 960 ಮಿಲಿಸೆಕೆಂಡ್, ಒಮ್ಮೆ 1040, ಮತ್ತೊಮ್ಮೆ 990. ಈ ಏರುಪೇರೇ ಹಾರ್ಟ್ ರೇಟ್ ವೇರಿಯಬಿಲಿಟಿ. ನಮ್ಮೂರಿನ ನೇಕಾರರ ಬೀದಿಯಲ್ಲಿ ನಿಂತು ಕೇಳಿ: ಪವರ್‌ಲೂಮ್ ಸದ್ದು ಒಂದೇ ಸಮ. ಕೈಮಗ್ಗದವರು ಎಳೆ ನೋಡಿಕೊಂಡು ಕೊಂಚ ತಡೆದು, ಕೊಂಚ ಬಿರುಸಾಗಿ ಲಾಳಿ ಹೊಡೀತಾರೆ. ಆರೋಗ್ಯವಂತ ಹೃದಯ ಕೈಮಗ್ಗದ ಜಾತಿ. ಉಸಿರು ಎಳೆದಾಗ ಬಡಿತ ತುಸು ಚುರುಕಾಗುತ್ತೆ, ಬಿಟ್ಟಾಗ ನಿಧಾನವಾಗುತ್ತೆ. ಇದರ ಬ್ರೇಕ್ ಇರೋದು ವೇಗಸ್ ನರದ ಕೈಯಲ್ಲಿ. ಟೆನ್ಶನ್, ಜ್ವರ, ನಿದ್ದೆಗೇಡು, ಕುಡಿತ ಇದ್ದಾಗ ಆ ಬ್ರೇಕ್ ಸಡಿಲವಾಗುತ್ತೆ, ನಂಬರ್ ಇಳಿಯುತ್ತೆ.

ವೈದ್ಯರು ಇದನ್ನು ಗಂಭೀರವಾಗಿ ನೋಡೋಕೆ ಕಾರಣವಿದೆ. ಹೃದಯಾಘಾತದಿಂದ ಉಳಿದ 808 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಈ ಏರುಪೇರು 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, 100 ದಾಟಿದವರಿಗಿಂತ ಐದು ಪಟ್ಟು ಜಾಸ್ತಿ ಇತ್ತು. ಇಲ್ಲೇ ನಮ್ಮ ಹುಡುಗರು ಎಡವೋದು, ‘50ರ ಕೆಳಗೆ ಬಂದ್ರೆ ಡೇಂಜರ್’ ಅಂತ. ಅದು ರೋಗಿಗಳ 24 ಗಂಟೆಯ ಇಸಿಜಿಯಿಂದ ತೆಗೆದ ಲೆಕ್ಕ, ವಾಚಿನ ಹಸಿರು ಬೆಳಕಿನದಲ್ಲ.

ಯಳಂದೂರಿನ ನನ್ನ ಅತ್ತೆ ಮಗ 22ರ ಹುಡುಗ. ಅವನದು 80 ಬರುತ್ತೆ, ನನಗೆ ದಿನಾ ರೇಗಿಸ್ತಾನೆ. ವಯಸ್ಸಾದಂತೆ ಇದು ಇಳಿಯೋದು ಸಹಜ. ಮೇಲಾಗಿ ಅವನ ಆ್ಯಪಲ್ ವಾಚು ಲೆಕ್ಕ ಹಾಕೋದು ಎಸ್‌ಡಿಎನ್‌ಎನ್, ನನ್ನದು ಆರ್‌ಎಂಎಸ್‌ಎಸ್‌ಡಿ. ಫಾರ್ಮುಲಾನೇ ಬೇರೆ! ಹೋಲಿಸಬೇಕಾದ್ದು ನಮ್ಮದನ್ನು ನಮ್ಮ ಹಿಂದಿನ ವಾರಗಳ ಜೊತೆ, ಅಷ್ಟೇ.

ಅದಕ್ಕಿಂತ ಮುಖ್ಯ, ಇಳಿದದ್ದು ಎಷ್ಟು ಬೇಗ ಮೇಲೆ ಬರುತ್ತೆ ಅನ್ನೋದು. ಹೋದ ಶಿವರಾತ್ರಿಗೆ ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದೆ. ತಾಳುಬೆಟ್ಟ ಹತ್ತಿದ ರಾತ್ರಿ 22. ಮೂರನೇ ದಿನಕ್ಕೆ 41. ಅದೇ ಒಂದು ಪ್ರಾಜೆಕ್ಟ್ ಎಸ್ಕಲೇಶನ್‌ನಲ್ಲಿ ಕುರ್ಚಿ ಬಿಟ್ಟು ಅಲ್ಲಾಡದೆ ಇದ್ದಾಗ ಮೂರು ವಾರ 30 ದಾಟಲೇ ಇಲ್ಲ. ಕಾಲು ಸೋತದ್ದು ಬೇಗ ಸರಿಹೋಯ್ತು, ತಲೆ ಸೋತದ್ದು ಹೋಗಲಿಲ್ಲ. ಆಗ ಸ್ವಲ್ಪ ಉಪಯೋಗಕ್ಕೆ ಬಂದದ್ದು ನಿಧಾನ ಉಸಿರಾಟ, ನಿಮಿಷಕ್ಕೆ ಆರು. ಜಪಮಾಲೆ ಪ್ರಾರ್ಥನೆ, ಯೋಗದ ಮಂತ್ರ ಎರಡೂ ಉಸಿರನ್ನು ಸುಮಾರು ಈ ಲಯಕ್ಕೇ ತರುತ್ತವೆ ಅಂತ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು.

ಇನ್ನು ವಾಚು ಹೇಳದೇ ಇರೋ ವಿಷಯ. ನನ್ನ ಹಳೇ ವಾಚು ಅಪ್ಪನ ಕೈಯಲ್ಲಿತ್ತು. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತೆ ಅಂತ ಎರಡು ದಿನ ಅಂದರು, ಆಮೇಲೆ ತಾವೇ ‘ಗ್ಯಾಸು’ ಅಂದರು. ಆಸ್ಪತ್ರೆ ಅಂದ್ರೆ, “ವಾಚು ಸರಿಗದೆ ಅಂತದಲ್ಲ ಮಗ, ಸುಮ್ನಿರು.” ನಂಬರ್ ನಿಜಕ್ಕೂ ಎಂದಿನಷ್ಟೇ ಇತ್ತು. ಆದರೆ ಎಚ್‌ಆರ್‌ವಿ ರಕ್ತನಾಳದ ಬ್ಲಾಕ್ ತೋರಿಸಲ್ಲ. ಬಡಿತದ ಲಯ ತಪ್ಪುವ ಕೆಲವು ಕಾಯಿಲೆಗಳಲ್ಲಂತೂ ಅದು ಸುಳ್ಳೇ ಮೇಲೇರಿ ಕೂರುತ್ತೆ. ಅಮ್ಮ ಬೈದು ಹೊರಡಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಅಲ್ಲಿಂದ ಮೈಸೂರು, ಒಂದು ಸ್ಟೆಂಟ್. 2021ರಲ್ಲಿ 46ರ ಪುನೀತ್ ಹೋದ ಮೇಲೆ ಅವರ ಹೆಸರಲ್ಲೇ ಸರ್ಕಾರದ ಹೃದಯಜ್ಯೋತಿ ಯೋಜನೆ ಬಂತು. ಅದರಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕೂತಲ್ಲೇ ನೋಡುವ ವ್ಯವಸ್ಥೆ ಇದೆ. ಎದೆ ಬಿಗಿತ, ಬೆವರು, ಎಡಗೈ ಸೆಳೆತ ಬಂದ್ರೆ ಆ್ಯಪ್ ತೆರೆಯಬೇಡಿ, 108ಕ್ಕೆ ಫೋನ್ ಮಾಡಿ.

ಅಪ್ಪ ಈಗ ಮಾತ್ರೆ ತಪ್ಪಿಸಲ್ಲ, ಚೆಕಪ್‌ಗೂ ಹೋಗ್ತಾರೆ. ವಾಚು ಅಮ್ಮನ ಕೈಗೆ ಬಂದಿದೆ. ಅವರಿಗೆ ಹೆಜ್ಜೆ ಲೆಕ್ಕ ಸಾಕಂತೆ.