ಗ್ರಾಹಕ ಮೊದಲು, ಹಾರ್ಮೋನು ಆಮೇಲೆ

ಬೇಲೂರಿನಿಂದ ಹಳೇಬೀಡು, ಅಲ್ಲಿಂದ ಅರಸೀಕೆರೆ ಎಂದು ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗಿ ತೆಂಗಿನ ಸೀಮೆ ಶುರುವಾಗುತ್ತದೆ. ಪಶ್ಚಿಮದ ಮಲೆನಾಡಿನಲ್ಲಿ ಜಡಿಮಳೆ ಮಣ್ಣಿನ ಅಯೋಡಿನ್ನನ್ನೇ ತೊಳೆದುಕೊಂಡು ಹೋಗುತ್ತದೆ. ಪಕ್ಕದ ಚಿಕ್ಕಮಗಳೂರು, ಕೊಡಗಿನಲ್ಲಿ ಗಳಗಂಡ ಕಾಡಿದ್ದಕ್ಕೆ ಅದೂ ಒಂದು ಕಾರಣ. ಕತ್ತಿನ ಗಂಟು ಎಲ್ಲರಿಗೂ ಕಾಣುತ್ತದೆ. ಅಯೋಡಿನ್ ಕೊರತೆಯ ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ.

ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸಿ ಟಿ4 ಹಾರ್ಮೋನು ತಯಾರಿಸುತ್ತದೆ. ಮಿದುಳಿನಲ್ಲಿ ಅದು ಟಿ3 ಆಗಿ, ನರಕೋಶದ ಕೇಂದ್ರದಲ್ಲಿರುವ ಗ್ರಾಹಕ ಪ್ರೋಟೀನಿಗೆ ಅಂಟುತ್ತದೆ. ಈ ಗ್ರಾಹಕ ಡಿಎನ್‌ಎ ಮೇಲೇ ಕೂತಿರುತ್ತದೆ. ಟಿ3 ಬಾರದಿದ್ದರೆ ತನ್ನ ಹಿಡಿತದ ಎಷ್ಟೋ ಜೀನ್‌ಗಳನ್ನು ಅದುಮಿಡುತ್ತದೆ. ಬಂತೆಂದರೆ ಅವೇ ಜೀನ್‌ಗಳು ಎಚ್ಚರಗೊಳ್ಳುತ್ತವೆ. ನರಕೋಶಗಳು ತಮ್ಮ ಜಾಗಕ್ಕೆ ಸರಿದು, ಕವಲೊಡೆದು, ಮಯಲಿನ್ ಹೊದಿಕೆ ಪಡೆಯುತ್ತವೆ. ಆದ್ದರಿಂದ ಹಾರ್ಮೋನಿನ ಕೊರತೆ ಎಂದರೆ ಕೆಲಸ ನಿಧಾನವಾಗುವುದಷ್ಟೇ ಅಲ್ಲ, ಕೆಲಸಕ್ಕೆ ತಡೆಯೇ ಬಿದ್ದಂತೆ.

ಭ್ರೂಣದ ಮಿದುಳಿನಲ್ಲಿ ಸುಮಾರು 10ನೇ ವಾರಕ್ಕೇ ಈ ಗ್ರಾಹಕಗಳು ಸಿಗುತ್ತವೆ. ಕೂಸಿನ ಸ್ವಂತ ಥೈರಾಯ್ಡ್ ಸಾಕಷ್ಟು ಹಾರ್ಮೋನು ಸುರಿಸುವುದು 16ರಿಂದ 20ನೇ ವಾರದ ಹೊತ್ತಿಗೆ. ನಡುವಿನ ಅಷ್ಟೂ ದಿನ ತಾಯಿಯ ಹಾರ್ಮೋನೇ ಗತಿ. ಹಾಗಾಗಿ ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ಸಾಮಾನ್ಯ ವಯಸ್ಕರಿಗೆ 150 ಸಾಕು. ಅಯೋಡಿನ್‌ಯುಕ್ತ ಉಪ್ಪನ್ನೇ ತನ್ನಿ. ಮಳೆಗಾಲದ ತೇವ ತಾಗದಂತೆ ಮುಚ್ಚಿಡಿ, ಒಲೆಯ ಪಕ್ಕ ತೆರೆದಿಡಬೇಡಿ. ಥೈರಾಯ್ಡ್ ಕೊರತೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್‌ನ ಪರೀಕ್ಷೆಯ ಬಗ್ಗೆ ಮೊದಲ ತಪಾಸಣೆಯಲ್ಲೇ ವೈದ್ಯರನ್ನು ಕೇಳಿ.

ವೈದ್ಯರು ಥೈರಾಯ್ಡ್ ಹಾರ್ಮೋನಿನ ಮಾತ್ರೆ ಕೊಟ್ಟಿದ್ದರೆ ಬರಿಹೊಟ್ಟೆಯಲ್ಲಿ, ನೀರಿನ ಜೊತೆ ನುಂಗಬೇಕು. ಕಾಫಿ ನಾಡಿನವರು ಇದನ್ನು ಗಮನಿಸಲೇಬೇಕು: ಜೊತೆಗೇ ಕಾಫಿ ಕುಡಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ, ಅರ್ಧದಿಂದ ಒಂದು ಗಂಟೆ ಬಿಡಿ. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ.

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಹೆಚ್ಚಿನ ಕೂಸುಗಳು ನೋಡಲು ಆರೋಗ್ಯವಾಗಿಯೇ ಇರುತ್ತವೆ. ಹಿಮ್ಮಡಿಯ ರಕ್ತ ಪರೀಕ್ಷಿಸಿದರೆ ತಿಳಿಯುತ್ತದೆ. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಬುದ್ಧಿಮಾಂದ್ಯವನ್ನು ತಡೆಯಬಹುದು. ಕಾಯುವುದರಿಂದ ಆದ ಹಾನಿಯನ್ನು ಆಮೇಲೆ ತುಂಬುವುದು ಕಷ್ಟ.

ಬೆಳೆದ ಮಿದುಳಲ್ಲೂ ಗ್ರಾಹಕಗಳು ಇದ್ದೇ ಇರುತ್ತವೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲೂ. ಅಜ್ಜಿಗೆ ಮರೆವು, ಮಂಕು, ಚಳಿ, ಮಲಬದ್ಧತೆ ಒಟ್ಟಿಗೆ ಬಂದರೆ ಅರವತ್ತರ ಅರಳು ಮರಳು ಎಂದು ಕೈಬಿಡಬೇಡಿ. ಥೈರಾಯ್ಡ್ ಕೊರತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ಆದರೆ ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದು ಸಹಜ. ಮಾತ್ರೆ ಅತಿಯಾದರೆ ಎದೆಬಡಿತ ತಪ್ಪಬಹುದು, ಮೂಳೆ ಸವೆಯಬಹುದು. ಅದಕ್ಕೇ ವೈದ್ಯರು ಹಿರಿಯರಿಗೆ ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, 6ರಿಂದ 8 ವಾರದ ನಂತರ ಮತ್ತೆ ರಕ್ತ ಪರೀಕ್ಷಿಸುತ್ತಾರೆ.