ಗುಡಿಸಿ ಎಸೆಯುವ ಬೇವಿನ ಬೀಜ

ಯುಗಾದಿಯ ಹೊತ್ತಿಗೆ ಹೂ ಬಿಡುವ ಬೇವು ಜೂನ್-ಜುಲೈ ಬರುವಷ್ಟರಲ್ಲಿ ಹಳದಿ ಹಣ್ಣು ಉದುರಿಸತೊಡಗುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಹೊಲದ ಬದುವಿನಲ್ಲೋ ಮಾರಮ್ಮನ ಗುಡಿಯ ಪಕ್ಕದಲ್ಲೋ ಒಂದಾದರೂ ಬೇವಿನ ಮರವಿಲ್ಲದ ಊರು ಸಿಗುವುದು ಕಷ್ಟ. ಹಣ್ಣಿನಲ್ಲಿ ಒಂದಿಷ್ಟು ಹಕ್ಕಿಗಳ ಪಾಲಾಗುತ್ತದೆ. ಉಳಿದದ್ದು ಪೊರಕೆಗೆ ಸಿಕ್ಕಿ ತಿಪ್ಪೆ ಸೇರುತ್ತದೆ. ಅದೇ ಊರಿನ ಹಿತ್ತಲುಗಳಲ್ಲಿ ಬದನೆಗೆ ಹೇನು, ಬೆಂಡೆಗೆ ಬಿಳಿ ನೊಣ, ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿರುತ್ತದೆ. ಮನೆಯವರು ಪೇಟೆಯಿಂದ ಔಷಧಿ ಬಾಟಲಿ ತರುತ್ತಾರೆ.

ಮದ್ದು ಮಾತ್ರ ಮರದಡಿಯಲ್ಲೇ ಬಿದ್ದಿರುತ್ತದೆ.

ಟೊಮೆಟೊ, ಸಣ್ಣ ಈರುಳ್ಳಿ, ಎಲೆಕೋಸು, ಬೀಟ್‌ರೂಟ್, ಅರಿಶಿನ ಬೆಳೆಯುವ ನಾಡಿದು. ಇಲ್ಲಿನ ತರಕಾರಿ ಲಾರಿ ಹತ್ತಿ ಗಡಿ ದಾಟಿ ಕೇರಳಕ್ಕೂ ಹೋಗುತ್ತದೆ. ರಾಸಾಯನಿಕ ಕೀಟನಾಶಕ ಎಂಥ ಘೋರ ವಿಷ ಎಂಬುದನ್ನು ಈ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿಯ ಮಾರಮ್ಮ ದೇವಸ್ಥಾನದ ಪ್ರಸಾದಕ್ಕೆ ದುಷ್ಟರು ಬೆರೆಸಿದ್ದು ಹೊಲಕ್ಕೆ ಹೊಡೆಯುವ ಕೀಟನಾಶಕವನ್ನೇ. 17 ಮಂದಿ ಪ್ರಾಣ ಬಿಟ್ಟರು. ಅಂಥ ಬಾಟಲಿ ಅಡುಗೆಮನೆಯ ಹಿಂದಿನ ನಾಲ್ಕು ಗಿಡಗಳಿಗಾಗಿ ಮನೆಯೊಳಗೆ ಬರಬೇಕೇ ಎಂದು ಪ್ರತಿ ಮನೆಯವರೂ ಕೇಳಿಕೊಳ್ಳಬೇಕು.

ಬೇವಿನ ಗುಣ ನಮ್ಮ ಹಿರಿಯರಿಗೆ ಗೊತ್ತಿತ್ತು. ಹುರುಳಿ, ಅವರೆ ಕಾಳಿನ ಜೊತೆ ಒಣಗಿದ ಬೇವಿನ ಸೊಪ್ಪು ಹಾಕಿ ಇಡುತ್ತಿದ್ದುದು ಹುಳು ಹಿಡಿಯಬಾರದೆಂದೇ. ವಿಜ್ಞಾನ ಅದರ ಕಾರಣವನ್ನು ಹುಡುಕಿದ್ದು ಬಹಳ ತಡವಾಗಿ. 1959ರಲ್ಲಿ ಸುಡಾನ್‌ನಲ್ಲಿ ಮಿಡತೆಗಳ ದಂಡು ಸುತ್ತಲಿನ ಹಸಿರನ್ನೆಲ್ಲ ಬೋಳು ಮಾಡಿ ಬೇವಿನ ಮರಗಳನ್ನು ಮಾತ್ರ ಬಿಟ್ಟುಹೋದದ್ದನ್ನು ಜರ್ಮನಿಯ ಕೀಟತಜ್ಞ ಹೈನ್ರಿಶ್ ಶ್ಮುಟರರ್ ಗಮನಿಸಿದರು. 1968ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಬೀಜದಿಂದ ಅಜಾಡಿರಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಲು ಸಾಧ್ಯವಾದದ್ದು 2007ರಲ್ಲಿ, ಕೇಂಬ್ರಿಜ್‌ನಲ್ಲಿ. ಮರ ಪ್ರತಿ ವರ್ಷ ಪುಕ್ಕಟೆ ಕೊಡುವುದನ್ನು ಮಾಡಿ ನೋಡಲು ಮನುಷ್ಯನಿಗೆ ಅಷ್ಟು ಕಾಲ ಹಿಡಿಯಿತು.

ಈ ಪುಕ್ಕಟೆ ಕೊಡುಗೆಯ ಮೇಲೂ ಹಕ್ಕು ಸಾಧಿಸುವ ಯತ್ನ ನಡೆದಿತ್ತು. ಬೇವಿನೆಣ್ಣೆಯಿಂದ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆಗೆ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಪೇಟೆಂಟ್ ಕೊಟ್ಟಿತು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಬೀಜ ಮತ್ತು ಬೇವಿನ ಮೇಲಿನ ಕಂಪನಿ ಹಕ್ಕಿನ ವಿರುದ್ಧ ಬೀದಿಗಿಳಿಯಿತು. ವಂದನಾ ಶಿವ ಮತ್ತಿತರರು ಯುರೋಪಿನಲ್ಲೇ ತಕರಾರು ಹೂಡಿದರು. ಭಾರತದ ರೈತರಿಗೆ ಮೊದಲೇ ಗೊತ್ತಿದ್ದ ವಿದ್ಯೆ ಹೊಸ ಶೋಧ ಹೇಗಾದೀತು ಎಂಬುದೇ ವಾದದ ತಿರುಳು. 2000ದಲ್ಲಿ ಪೇಟೆಂಟ್ ರದ್ದಾಯಿತು, 2005ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ನಂಜುಂಡಸ್ವಾಮಿಯವರ ಕನಸಿನ ಅಮೃತಭೂಮಿ ಚಾಮರಾಜನಗರದ ಸಮೀಪ ಹೊಂಡರಬಾಳುವಿನಲ್ಲಿದ್ದು, ಇಂದಿಗೂ ನೈಸರ್ಗಿಕ ಕೃಷಿಯ ಪಾಠ ಹೇಳುತ್ತಿದೆ.

ಇಷ್ಟಾದರೂ ಬೇವು ಹೊಡೆದು ನೋಡಿದ ಹಲವರು 'ಇದರಿಂದ ಏನೂ ಆಗಲಿಲ್ಲ' ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಪೇಟೆಯ ಔಷಧಿ ಹೊಡೆದ ಗಂಟೆಯೊಳಗೆ ಹುಳು ನೆಲಕ್ಕೆ ಬೀಳುತ್ತದೆ. ಬೇವು ಹಾಗಲ್ಲ. ಸಿಂಪಡಿಸಿದ ಎಲೆಗೆ ಬಾಯಿ ಹಾಕಿದ ಮರಿಹುಳು ಕಹಿಗೆ ತಿನ್ನುವುದನ್ನು ನಿಲ್ಲಿಸುತ್ತದೆ. ತಿಂದದ್ದಕ್ಕೆ ಪೊರೆ ಕಳಚುವ ಸಮಯ ಬಂದಾಗ ಕಳಚಲಾಗುವುದಿಲ್ಲ. ಹಳೆಯ ಚರ್ಮದೊಳಗೇ ಸಿಕ್ಕಿ ಸಾಯುತ್ತದೆ, ಇಲ್ಲವೇ ಮೊಟ್ಟೆಯಿಡಲಾಗದ ಕೀಟವಾಗುತ್ತದೆ. ಇದಕ್ಕೆಲ್ಲ ನಾಲ್ಕು ದಿನ, ಒಂದು ವಾರ ಬೇಕು. ಮಾರನೆಯ ದಿನ ಬೆಳಿಗ್ಗೆ ಹುಳು ಎಲೆಯ ಮೇಲೆ ಕಂಡಿತೆಂದು ಮದ್ದನ್ನು ದೂರುವುದು ಅನ್ಯಾಯ.

ತಯಾರಿಯಲ್ಲೂ ತಪ್ಪಾಗುತ್ತದೆ. ಹೆಚ್ಚಿನವರು ಸೊಪ್ಪು ಕುದಿಸುತ್ತಾರೆ. ಆದರೆ ಸತ್ವ ಹೆಚ್ಚಾಗಿರುವುದು ಬೀಜದಲ್ಲಿ, ಕಾಯಿಸಿದರೆ ಅದು ಕೆಡುತ್ತದೆ. ಹಣ್ಣಿನ ಸಿಪ್ಪೆ, ಲೋಳೆ ತೊಳೆದು ಬೀಜವನ್ನು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲೋ ಬಟ್ಟೆಯ ಗಂಟಿನಲ್ಲೋ ಗಾಳಿಯಾಡುವಂತೆ ಇಡಬೇಕು; ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಮೂರು ತಿಂಗಳು ಕಳೆದ, ಎಂಟು-ಹತ್ತು ತಿಂಗಳು ದಾಟದ ಬೀಜ ಒಳ್ಳೆಯದು. ಸಿಪ್ಪೆ ಒಡೆದು ಅರ್ಧ ಕೆಜಿ ತಿರುಳನ್ನು ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಗಂಟನ್ನು ಹಿಂಡಿದಷ್ಟೂ ಹಾಲಿನಂಥ ಬಿಳಿ ರಸ ಇಳಿಯುತ್ತದೆ. ಅದನ್ನು ಸೋಸಿ, ಒಟ್ಟು 10 ಲೀಟರ್ ಆಗುವಷ್ಟು ನೀರು ಬೆರೆಸಿ, ಎಲೆಗೆ ಅಂಟಿಕೊಳ್ಳಲು ಎರಡು ಚಮಚ ಸೋಪಿನ ದ್ರಾವಣ ಸೇರಿಸಿದರೆ ಶೇ. 5ರ ಕಷಾಯ ಸಿದ್ಧ. ಅಂದೇ ಬಳಸಿ ಮುಗಿಸಬೇಕು. ಬಿಸಿಲು ಇದರ ಶತ್ರುವಾದ್ದರಿಂದ ಸಂಜೆ ಸಿಂಪಡಿಸಬೇಕು, ಹೇನು ಅಡಗುವ ಎಲೆಯ ತಳಭಾಗಕ್ಕೆ ಮುಖ್ಯವಾಗಿ. ಸಂಜೆ ಜೇನ್ನೊಣಗಳ ಓಡಾಟವೂ ಇರುವುದಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಮತ್ತೆ ಹೊಡೆಯಬೇಕು. ಮಳೆ ಬಂದರೆ ಇನ್ನೂ ಬೇಗ.

ಎಲ್ಲಕ್ಕೂ ಬೇವೇ ಸಾಕು ಎಂದರೆ ಅದು ಸುಳ್ಳು. ಕಾಯಿಯೊಳಗೆ ಹೊಕ್ಕ ಕೊರಕಕ್ಕೆ ಅದು ತಲುಪುವುದಿಲ್ಲ, ನಂಜುರೋಗದಿಂದ ಎಲೆ ಮುದುರಿದ ಟೊಮೆಟೊ ಗಿಡವನ್ನು ಅದು ಸರಿಮಾಡದು. ಅಂಥಲ್ಲಿ ಬೇರೆ ಉಪಾಯ ಜೊತೆಗೂಡಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಟೊಮೆಟೊದ 16 ಸಾಲಿಗೆ ಒಂದು ಸಾಲು ಚೆಂಡುಹೂ ಹಾಕಿದರೆ ಕಾಯಿಕೊರಕದ ಪತಂಗ ಹೂವಿನ ಕಡೆ ಸೆಳೆಯಲ್ಪಡುತ್ತದೆಂದು ತೋರಿಸಿದ್ದಾರೆ. ಎಲೆಕೋಸಿಗೆ ಅವರು ಹೇಳಿದ್ದು ಸಾಸಿವೆ ಸಾಲು ಮತ್ತು ಬೇವಿನ ಬೀಜದ ಕಷಾಯ. ಚೆಂಡುಹೂವಿನ ಹೊಲಗಳಿಗೇ ಹೆಸರಾದ ಗುಂಡ್ಲುಪೇಟೆಯಲ್ಲಿ ಸಸಿ ಹುಡುಕುವ ಕಷ್ಟವಿಲ್ಲ. ಬೇವಿನ ಬೀಜದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಬುಡಕ್ಕೆ ಹಾಕಿದರೆ ಬೇರುಗಂಟು ಮಾಡುವ ಜಂತುಹುಳುವಿನ ಕಾಟ ತಗ್ಗುತ್ತದೆ. ಗಿಡದ ಮದ್ದೆಂದು ಸಲುಗೆ ಬೇಡ. ಬೇವಿನೆಣ್ಣೆ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಅಪಾಯ, ಅವರ ಕೈಗೆ ಸಿಗದಂತೆ ಇಡಬೇಕು.

ಗಿಡಕ್ಕೆ ಹತ್ತಿದ ಹುಳು ಯಾವುದೆಂದು ತಿಳಿಯದಿದ್ದರೆ ಒಂದು ಎಲೆ ಕಿತ್ತು ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಿ. ಈ ಸಲ ಬೇವಿನ ಹಣ್ಣು ಉದುರಿದಾಗ ಪೊರಕೆ ಬದಿಗಿಟ್ಟು ಬುಟ್ಟಿ ಹಿಡಿಯಿರಿ. ಜೂನ್-ಜುಲೈನಲ್ಲಿ ಆರಿಸಿದ ಬೀಜ ದಸರೆಯ ಹೊತ್ತಿಗೆ ಬಳಕೆಗೆ ಬರುತ್ತದೆ, ಮರುವರ್ಷದ ಯುಗಾದಿವರೆಗೂ ಕೈತೋಟಕ್ಕೆ ಒದಗುತ್ತದೆ.