ಜೀವವೈವಿಧ್ಯ ಇರುವುದು ಕಾಡಿನಲ್ಲಷ್ಟೇ ಅಲ್ಲ

ಜೀವವೈವಿಧ್ಯ ಎಂದೊಡನೆ ಹುಲಿ, ಆನೆ, ದಟ್ಟ ಕಾಡು ಕಣ್ಣಮುಂದೆ ಬರುತ್ತವೆ. ಅಭಯಾರಣ್ಯಗಳು ಉಳಿದರೆ ಸಾಕು, ಎಲ್ಲವೂ ಉಳಿದಂತೆ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ. ಇದು ಅರ್ಧ ಸತ್ಯ. ಒಂದೇ ಬೆಳೆಯ ಹತ್ತಾರು ನಾಟಿ ತಳಿಗಳು, ಊರ ಕೆರೆ, ಗೋಮಾಳ, ಬೇಲಿಸಾಲು ಇವೆಲ್ಲ ಜೀವವೈವಿಧ್ಯವೇ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದದ್ದು ಯಾವುದೋ ಗೊಂಡಾರಣ್ಯವಲ್ಲ, ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹಳೆಯ ಹುಣಸೆ ತೋಪು.

ಗಿಡ ನೆಟ್ಟಷ್ಟೂ ಪರಿಸರಕ್ಕೆ ಒಳ್ಳೆಯದು ಎಂಬುದು ಇನ್ನೂ ಆಳವಾಗಿ ಬೇರೂರಿದ ಕಲ್ಪನೆ. ಮರವಿಲ್ಲದ ನೆಲವನ್ನು ಪಾಳು, ಬಂಜರು ಎಂದು ಕರೆದು ಸಸಿ ನೆಡುವ ಉತ್ಸಾಹದಲ್ಲಿ ಹುಲ್ಲುಗಾವಲು ಎಂಬ ಬೇರೆಯದೇ ಲೋಕ ನಾಶವಾಗುತ್ತದೆ. ಬಯಲುಸೀಮೆಯ ಕಾವಲುಗಳು ಖಾಲಿ ಜಾಗಗಳಲ್ಲ. ಅಮೃತಮಹಲ್ ದನಗಳು ಮೇಯ್ದು ಬೆಳೆದದ್ದು ಅಲ್ಲೇ. ತೋಳ, ನರಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬದುಕುವುದೂ ಅಲ್ಲೇ. ರಾಣೇಬೆನ್ನೂರಿನ ಅಭಯಾರಣ್ಯವನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಿಡಲಾಯಿತು. ಆದರೆ ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಕೃಷ್ಣಮೃಗಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು; ಅಪಾಯವನ್ನು ದೂರದಿಂದಲೇ ಕಂಡು ಓಡುವುದೇ ಅದರ ರಕ್ಷಣೆ. ದೊರವಾಯನ ಹಕ್ಕಿಯದೂ ಇದೇ ಪಾಡು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಈ ಭಾರಿ ಹಕ್ಕಿ ಈಗ ಅಳಿವಿನ ಅಂಚಿನಲ್ಲಿದೆ. ತಪ್ಪು ಜಾಗದಲ್ಲಿ ನೆಟ್ಟ ಒಳ್ಳೆಯ ಸಸಿಯೂ ಹಾನಿಯನ್ನೇ ಮಾಡುತ್ತದೆ. ಈ ಮಾತು ವನಮಹೋತ್ಸವದ ವೇದಿಕೆಗಳಲ್ಲಿ ಕೇಳಿಬರಬೇಕಾಗಿದೆ.

ಪರಿಸರ ಶಿಕ್ಷಣವೆಂದರೆ ಜೂನ್ 5ರ ಭಾಷಣ, ಚಿತ್ರಕಲಾ ಸ್ಪರ್ಧೆ ಎಂಬ ಭಾವನೆಯೂ ಇದೆ. ಕಾನೂನಿನ ದೃಷ್ಟಿ ಹಾಗಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. ಕಲಿಕೆ ಸರ್ಕಾರದ ನೀತಿಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಕೇರಳದ ಸೈಲೆಂಟ್ ವ್ಯಾಲಿ ಸಾಕ್ಷಿ. ಅಲ್ಲಿನ ಕುಂತಿ ನದಿಗೆ ವಿದ್ಯುತ್ ಯೋಜನೆಯ ಅಣೆಕಟ್ಟು ಬರಲಿದ್ದಾಗ, ಶಿಕ್ಷಕರು ಮತ್ತು ವಿಜ್ಞಾನ ಲೇಖಕರಿದ್ದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಆ ಕಾಡಿನ ಬೆಲೆ ಏನೆಂಬುದನ್ನು ಜನರ ಭಾಷೆಯಲ್ಲಿ ವಿವರಿಸಿತು. ಶರಾವತಿ ಕಣಿವೆಯಲ್ಲೂ ಕಾಣುವ ಸಿಂಗಳೀಕ ಆ ಚಳವಳಿಯ ಗುರುತಾಯಿತು. ಯೋಜನೆಯನ್ನು ಕೈಬಿಡಲಾಯಿತು, 1984ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಸಂರಕ್ಷಣೆ ಅರಣ್ಯ ಇಲಾಖೆಯ ಹೊಣೆ, ಊರಿನವರಿಗೆ ಅದರಲ್ಲಿ ಅಧಿಕಾರವಿಲ್ಲ ಎಂಬುದೂ ತಪ್ಪು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗ್ರಾಮ ಪಂಚಾಯಿತಿಯೂ ಇದಕ್ಕೆ ಹೊರತಲ್ಲ. ಊರಿನ ಸಸ್ಯ, ಪ್ರಾಣಿ, ತಳಿ ಮತ್ತು ಅವುಗಳ ಬಗ್ಗೆ ಜನರಿಗಿರುವ ಅರಿವನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡುವುದು ಆ ಸಮಿತಿಯ ಕೆಲಸ. ಈ ದಾಖಲೆಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪ್ರಮುಖರು. ಆದರೂ ವರ್ಷಗಟ್ಟಲೆ ಬಹಳಷ್ಟು ಕಡೆ ಸಮಿತಿಯೂ ಇರಲಿಲ್ಲ, ದಾಖಲೆಯೂ ಇರಲಿಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ದಂಡ ಎಂದು ರಾಜ್ಯಗಳನ್ನು ಎಚ್ಚರಿಸಬೇಕಾಯಿತು.

ಗಡುವಿಗೆ ಹೆದರಿ ಕಚೇರಿಯಲ್ಲಿ ಕೂತು ತುಂಬಿದ ದಾಖಲೆಯಿಂದ ಊರಿಗೆ ಪ್ರಯೋಜನವಿಲ್ಲ. ಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರೆ ಅದೇ ಪಾಠವೂ ಆಗುತ್ತದೆ, ದಾಖಲೆಯೂ ಆಗುತ್ತದೆ. ಬೀಜ ಕಾಪಿಟ್ಟ ಅಜ್ಜಿಯರು, ಸೊಪ್ಪಿನ ಹೆಸರು ಬಲ್ಲವರು, ಮೀನಿನ ಜಾಡು ತಿಳಿದವರು ಊರಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.